‘ಲೊಕೇಶನ್ ಕಳ್ಸಿ’ ಅನ್ನೋಕೆ ಮುಂಚೆ

ಅಪರೂಪದ ಹಕ್ಕಿಯೊಂದರ ಫೋಟೊ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದು ಬಿದ್ದರೆ ಎರಡೇ ನಿಮಿಷದಲ್ಲಿ ಬರುವ ಪ್ರಶ್ನೆ ‘ಎಲ್ಲಿ?’. ಅದು ಏನು ತಿನ್ನುತ್ತಿತ್ತು, ಒಂಟಿಯಾಗಿತ್ತಾ, ಗುಂಪಿನಲ್ಲಿತ್ತಾ ಎಂದು ಕೇಳುವವರು ಕಡಿಮೆ. ‘ಸೂಪರ್ ಶಾಟ್ ಗುರೂ, ಲೊಕೇಶನ್ ಕಳ್ಸು’ ಅನ್ನುವವರೇ ಹೆಚ್ಚು. ಕಳಿಸದಿದ್ದರೆ ಜಂಭ ಅನ್ನುತ್ತಾರೆ. ಕಳಿಸಿದರೆ ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಆ ಪೊದೆಯ ಮುಂದೆ ಹತ್ತು ಟ್ರೈಪಾಡ್ ನಿಂತಿರುತ್ತವೆ.

ಪಕ್ಷಿವೀಕ್ಷಣೆ ಒಂದು ಕಾಲಕ್ಕೆ ನಿವೃತ್ತ ಅಧಿಕಾರಿಗಳ, ಕಾಫಿ ತೋಟದವರ ಹವ್ಯಾಸ ಅನ್ನಿಸಿಕೊಂಡಿತ್ತು. ಈಗ ಪಿಯುಸಿ ಹುಡುಗನ ಬ್ಯಾಗಿನಲ್ಲೂ ಒಂದು ಬೈನಾಕ್ಯುಲರ್ ಇರುತ್ತದೆ. ಇದು ಒಳ್ಳೆಯದೇ, ತಕರಾರಿಲ್ಲ. ನನ್ನ ತಕರಾರು ಆ ಒಂದು ಪ್ರಶ್ನೆಯ ಬಗ್ಗೆ ಮಾತ್ರ. ಕೆಲವು ಹಕ್ಕಿಗಳ ವಿಳಾಸವನ್ನು ಎಲ್ಲರೆದುರು ಕೇಳಬಾರದು, ಕೇಳಿದರೂ ಕೊಡಬಾರದು. ಯಾಕೆ ಅನ್ನುವುದಕ್ಕೆ ಗುಬ್ಬಚ್ಚಿಗಿಂತ ಚಿಕ್ಕದಾದ ಒಂದು ಹಕ್ಕಿಯ ಕಥೆ ಹೇಳಬೇಕು.

ಹಕ್ಕಿಯ ಹೆಸರು ಹಸಿರು ಮುನಿಯಾ. ಮುನಿಯಾಗಳಿಗೆ ಕನ್ನಡದ ಪಕ್ಷಿ ಪುಸ್ತಕಗಳಲ್ಲಿ ರಾಟವಾಳ ಎಂಬ ಚೆಂದದ ಹೆಸರಿದೆ. ಹಾಗಾಗಿ ಹಸಿರು ರಾಟವಾಳ ಅನ್ನೋಣ. ಕೊಕ್ಕಿನಿಂದ ಬಾಲದ ತುದಿಯವರೆಗೆ ಅಳೆದರೆ ಸುಮಾರು 10 ಸೆಂಟಿಮೀಟರ್. ಬೆನ್ನು ಎಲೆಹಸಿರು, ಹೊಟ್ಟೆ ಹಳದಿ, ಕೊಕ್ಕು ಅರಗಿನಂತೆ ಕೆಂಪು, ಪಕ್ಕೆಯಲ್ಲಿ ಜೀಬ್ರಾದಂಥ ಕಪ್ಪು ಬಿಳಿ ಗೆರೆಗಳು. ಪುಟ್ಟ ಮಕ್ಕಳಿಗೆ ಬಣ್ಣದ ಪೆನ್ಸಿಲ್ ಕೊಟ್ಟು ಹಕ್ಕಿ ಬರೆಯಿರಿ ಅಂದರೆ ಹೀಗೇ ಬರೆದಾರು. ಈ ಹಕ್ಕಿ ಸಹಜವಾಗಿ ಬದುಕುವುದು ಭಾರತದಲ್ಲಿ ಮಾತ್ರ. ಅದೂ ಎಲ್ಲ ಕಡೆ ಅಲ್ಲ. ಮಧ್ಯ ಭಾರತದಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಚದುರಿ ಉಳಿದಿದೆ. ಖಾತ್ರಿಯಾಗಿ ನೋಡಬೇಕೆನ್ನುವವರು ರಾಜಸ್ಥಾನದ ಮೌಂಟ್ ಅಬುವಿಗೆ ಹೋಗುತ್ತಾರೆ.

ಅಬು ಅಂದರೆ ಉಳಿದವರಿಗೆ ದಿಲ್ವಾರಾದ ಜೈನ ಬಸದಿಗಳು, ನಕ್ಕಿ ಸರೋವರದ ದೋಣಿ ವಿಹಾರ, ಹನಿಮೂನ್. ಪಕ್ಷಿವೀಕ್ಷಕರಿಗೆ ಗುರುಶಿಖರದ ತಪ್ಪಲಿನ ಹೊಲಗಳು. 1,722 ಮೀಟರ್ ಎತ್ತರದ ಗುರುಶಿಖರ ಇಡೀ ಅರಾವಳಿಯ ಅತಿ ಎತ್ತರದ ತುದಿ. ಸುತ್ತಲಿನ ಕಾಡು 1960ರಿಂದ ವನ್ಯಜೀವಿಧಾಮ. ತಮಾಷೆ ಎಂದರೆ ಹಸಿರು ಮುನಿಯಾ ಹುಡುಕಿಕೊಂಡು ಬಂದವರು ದಟ್ಟ ಕಾಡಿನೊಳಕ್ಕೆ ಹೋಗುವುದಿಲ್ಲ. ಊರಂಚಿನ ಹೊಲದ ಬದು, ಲಂಟಾನದ ಪೊದೆ, ಎತ್ತರದ ಹುಲ್ಲು, ಇಲ್ಲೆಲ್ಲ ಕಾಳು ಹೆಕ್ಕುತ್ತಾ ತಿರುಗುವ ಹಕ್ಕಿ ಇದು. ಕಬ್ಬಿನ ಗದ್ದೆಯಲ್ಲೂ ಗೂಡು ಕಟ್ಟುತ್ತದೆ. ಅಂದರೆ ವನ್ಯಜೀವಿಧಾಮದ ಗಡಿಗಲ್ಲು ಅದಕ್ಕೆ ಗೊತ್ತಿಲ್ಲ. ಕಾವಲುಗಾರನ ಕಣ್ಣು ತಲುಪದ, ಯಾರು ಬೇಕಾದರೂ ನಡೆದುಹೋಗಬಹುದಾದ ಜಾಗವೇ ಅದರ ಮನೆ. ವಿಳಾಸದ ಪ್ರಶ್ನೆ ಗಂಭೀರವಾಗುವುದೇ ಇಲ್ಲಿ.

ಈ ಹಕ್ಕಿ ಅಪರೂಪವಾದದ್ದಕ್ಕೆ ಇರುವ ಕಾರಣಗಳಲ್ಲಿ ದೊಡ್ಡದು ಪಂಜರ. ಅದರ ಹತ್ತಿರದ ನೆಂಟ ಕೆಂಪು ಮುನಿಯಾದ ಕಥೆಯೂ ಇದೇ. ಇಂಗ್ಲಿಷಿನಲ್ಲಿ ಇವೆರಡನ್ನೂ ‘ಅವಡವಾಟ್’ ಅನ್ನುತ್ತಾರೆ. ಯಾವ ಭಾಷೆಯ ಶಬ್ದವಪ್ಪಾ ಎಂದು ನೋಡಿದರೆ ಅದು ನಮ್ಮ ಅಹಮದಾಬಾದ್! ಹಿಂದೆ ಅಲ್ಲಿಂದ ಪಂಜರಗಳಲ್ಲಿ ಹಡಗು ಹತ್ತಿಸಿ ಯುರೋಪಿಗೆ ಕಳಿಸುತ್ತಿದ್ದುದರಿಂದ ಊರಿನ ಹೆಸರೇ ಅಪಭ್ರಂಶವಾಗಿ ಹಕ್ಕಿಗೆ ಅಂಟಿಕೊಂಡಿತು. ಲಿನೇಯಸ್ 1758ರಲ್ಲಿ ಕೆಂಪು ಮುನಿಯಾವನ್ನು ಫಿಂಚ್‌ಗಳ ಜೊತೆ ಸೇರಿಸಿ ‘ಫ್ರಿಂಜಿಲ್ಲಾ ಅಮಂಡವಾ’ ಎಂದು ಹೆಸರಿಟ್ಟ. 1790ರಲ್ಲಿ ಲೇಥಮ್ ಹಸಿರು ಹಕ್ಕಿಯನ್ನೂ ಫಿಂಚ್ ಎಂದೇ ಬಗೆದು ‘ಫಾರ್ಮೋಸಾ’, ಅಂದರೆ ಸುಂದರಿ, ಎಂದು ಕರೆದ. ಮುನಿಯಾಗಳ ಕುಟುಂಬ ಬೇರೆ, ನಿಜವಾದ ಫಿಂಚ್‌ಗಳ ಕುಟುಂಬ ಬೇರೆ ಎಂದು ಆಮೇಲೆ ತೀರ್ಮಾನವಾಯಿತು. ಆದರೂ ಪಂಜರದ ಹಕ್ಕಿ ಸಾಕುವವರು ಕೆಂಪು ಮುನಿಯಾವನ್ನು ಇವತ್ತಿಗೂ ‘ಸ್ಟ್ರಾಬೆರಿ ಫಿಂಚ್’ ಅನ್ನುತ್ತಾರೆ. ಒಂದು ಹಕ್ಕಿಯ ಹೆಸರಿನಲ್ಲೇ ಅದನ್ನು ಮಾರಿದ ಊರು ಉಳಿದುಕೊಂಡಿದೆ ಎಂದರೆ ವ್ಯಾಪಾರ ಎಷ್ಟು ಜೋರಾಗಿತ್ತು ಯೋಚಿಸಿ.

ಈಗ ಅದಿಲ್ಲ ಅಂದುಕೊಂಡರೆ ಅರ್ಧ ಸತ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. 1990-91ರಿಂದ ದೇಶೀ ಹಕ್ಕಿಗಳ ವ್ಯಾಪಾರವನ್ನೇ ನಿಷೇಧಿಸಲಾಗಿದೆ. ಗಿಳಿಶಾಸ್ತ್ರ ಹೇಳುವವನ ಪಂಜರದ ಗಿಳಿಯೂ ಕಾನೂನಿನ ಕಣ್ಣಲ್ಲಿ ಅಪರಾಧವೇ. ಆದರೆ ಭಾರತದ ಸುಮಾರು 1,300 ಜಾತಿಯ ಹಕ್ಕಿಗಳಲ್ಲಿ 450ರಷ್ಟು ವ್ಯಾಪಾರದ ಕೈಗೆ ಸಿಕ್ಕಿರುವುದನ್ನು ಟ್ರಾಫಿಕ್ ಸಂಸ್ಥೆಯ ಪರವಾಗಿ ಪಕ್ಷಿತಜ್ಞ ಅಬ್ರಾರ್ ಅಹ್ಮದ್ ವರ್ಷಗಟ್ಟಲೆ ಸಂತೆ ಸಂತೆ ತಿರುಗಿ ದಾಖಲಿಸಿದರು. ಅದರಲ್ಲಿ ಮುನಿಯಾಗಳದು ದೊಡ್ಡ ಪಾಲು. ಅವು ಗುಂಪಿನಲ್ಲಿ ಮೇಯುವ ಹಕ್ಕಿಗಳಾದ್ದರಿಂದ ಒಂದು ಬಲೆ ಬೀಸಿದರೆ ಇಡೀ ಹಿಂಡು ಸಿಗುತ್ತದೆ. ಬಣ್ಣವಿಲ್ಲದ ಮುನಿಯಾಗಳಿಗೆ ಹಸಿರು, ಹಳದಿ, ಕೆಂಪು ಬಣ್ಣ ಬಳಿದು ಮಾರುವುದೂ ಉಂಟು. ಕೊಂಡವನು ಮನೆಗೆ ತಂದು ನೀರು ಇಟ್ಟ ಮೇಲೆ ಹಕ್ಕಿಯ ಬಣ್ಣ ಬಿಡುತ್ತದೆ. ಇನ್ನು ಪುಣ್ಯ ಬರಲೆಂದು ಪಂಜರದ ಹಕ್ಕಿ ಕೊಂಡು ಆಕಾಶಕ್ಕೆ ಬಿಡುವವರಿದ್ದಾರಲ್ಲ, ಅವರದು ಇನ್ನೂ ವಿಚಿತ್ರ. ಅವರು ಬಿಡುತ್ತಾರೆಂದೇ ಇನ್ನೊಬ್ಬ ಹಿಡಿಯುತ್ತಾನೆ.

ಇಂಥ ಹಕ್ಕಿಯ ಗುಂಪು ಮೇಯುತ್ತಿರುವ ಪೊದೆಯ ಮೇಲೆ ಗೂಗಲ್ ಮ್ಯಾಪಿನ ಕೆಂಪು ಪಿನ್ ಚುಚ್ಚಿದರೆ ಅದನ್ನು ನೋಡುವವರು ಯಾರು ಯಾರು? 500 ಜನರ ಗ್ರೂಪಿನಲ್ಲಿ 499 ಜನ ಒಳ್ಳೆಯವರೇ ಇರಲಿ. ಬಲೆಯವನು ಒಬ್ಬ ಸಾಕು. ಮೊದಲೆಲ್ಲ ಅವನು ದಿನಗಟ್ಟಲೆ ಅಲೆದು ಹಕ್ಕಿ ಎಲ್ಲಿದೆ ಎಂದು ಕಂಡುಹಿಡಿಯಬೇಕಿತ್ತು. ಈಗ ಆ ಕೆಲಸವನ್ನು ನಾವು ಪುಕ್ಕಟೆ ಮಾಡಿಕೊಡುತ್ತಿದ್ದೇವೆ, ಅದೂ ಎಚ್‌ಡಿ ಫೋಟೊ ಸಮೇತ.

ಬಲೆಯವನು ಬರದಿದ್ದರೂ ಕ್ಯಾಮೆರಾದವರು ಬರುತ್ತಾರೆ. ಇದನ್ನು ನೋಡಲು ರಾಜಸ್ಥಾನಕ್ಕೆ ಹೋಗಬೇಕಿಲ್ಲ, ಬೆಂಗಳೂರಿನ ಹೆಸರಘಟ್ಟ ಸಾಕು. ಮಳೆಗಾಲದಲ್ಲಿ ಅಲ್ಲಿನ ಹುಲ್ಲು ಎದೆಯೆತ್ತರ ಬೆಳೆದಾಗ ಗಂಡು ಕೆಂಪು ಮುನಿಯಾ ಮದುಮಗನ ವೇಷ ಹಾಕುತ್ತದೆ: ಮೈಯೆಲ್ಲ ಕಡುಕೆಂಪು, ಅದರ ಮೇಲೆ ರಂಗೋಲಿ ಚುಕ್ಕಿಯಂಥ ಬಿಳಿ ಬೊಟ್ಟುಗಳು. ಉಳಿದ ಕಾಲದಲ್ಲಿ ಹೆಣ್ಣಿನಂತೆಯೇ ಕಂದು. ಹೀಗಾಗಿ ಎಲ್ಲರಿಗೂ ಅದು ಬೇಕಾಗುವುದು ಮರಿ ಮಾಡುವ ಕಾಲದಲ್ಲೇ. ಗೂಡು ಹುಲ್ಲೆಸಳು ಸುತ್ತಿ ಮಾಡಿದ ಚೆಂಡು, ನೆಲದಿಂದ ಹೆಚ್ಚು ಎತ್ತರದಲ್ಲೂ ಇರುವುದಿಲ್ಲ. ಹುಲ್ಲಿನಲ್ಲಿ ಹತ್ತು ಜನ ನಡೆದಾಡಿದರೆ ಕಾಲಡಿ ಏನು ಸಿಕ್ಕಿತು ಎಂಬುದು ನಡೆದವರಿಗೂ ತಿಳಿಯುವುದಿಲ್ಲ. ಕಾರನ್ನೇ ಹುಲ್ಲಿನೊಳಗೆ ನುಗ್ಗಿಸುವವರಿದ್ದಾರೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ, ಬ್ಲೂಟೂತ್ ಸ್ಪೀಕರನ್ನು ಪೊದೆಯಲ್ಲಿಟ್ಟು ಕಾಯುವವರೂ ಇದ್ದಾರೆ. ಪಾಪದ ಹಕ್ಕಿ, ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ಮೇಯುವುದು ಬಿಟ್ಟು, ಮರಿ ಬಿಟ್ಟು ಓಡಿ ಬರುತ್ತದೆ. ಫೋಟೊ ಸಿಗುತ್ತದೆ, ಲೈಕ್ ಬರುತ್ತದೆ. ಮುಂದಿನ ವಾರ ಇನ್ನೊಬ್ಬ ಅದೇ ಪೊದೆಗೆ ಅದೇ ಕೂಗು ಹಾಕುತ್ತಾನೆ. ಹಲವು ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿವೆ. ಇನ್‌ಸ್ಟಾಗ್ರಾಂಗೆ ಅಂಥ ತೀರ್ಪುಗಾರರಿಲ್ಲ.

ಇದಕ್ಕೆ ಒಂದು ಒಳ್ಳೆಯ ಎದುರುವಾದ ಇದೆ, ಅದನ್ನು ಪಕ್ಕಕ್ಕೆ ತಳ್ಳುವುದು ಸರಿಯಲ್ಲ. ಜನ ನೋಡದಿದ್ದರೆ ಪ್ರೀತಿ ಹುಟ್ಟುವುದು ಹೇಗೆ? ಗುಟ್ಟು ಮಾಡಿಟ್ಟದ್ದು ಗುಟ್ಟಾಗಿಯೇ ಸಾಯುತ್ತದೆ ಅನ್ನುತ್ತಾರೆ. ಹೌದು, ಅಂಥದ್ದೂ ನಡೆದಿದೆ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ, ಪಾಂಗ್ಟಿ ಎಂಬ ಊರಿನ ಸುತ್ತ, 2012ರಲ್ಲಿ ವಲಸೆ ಬಂದ ಅಮೂರ್ ಡೇಗೆಗಳನ್ನು ಬಲೆ ಹಾಕಿ ಲಕ್ಷದ ಲೆಕ್ಕದಲ್ಲಿ ಕೊಂದರು. ಬೆಂಗಳೂರಿನ ವನ್ಯಜೀವಿ ಕಾರ್ಯಕರ್ತರೂ ಸೇರಿದಂತೆ ಒಂದು ಚಿಕ್ಕ ತಂಡ ಅದನ್ನು ಚಿತ್ರೀಕರಿಸಿ ಊರಿನ ಹೆಸರು ಸಮೇತ ಜಗತ್ತಿಗೆ ತೋರಿಸಿತು. ಊರವರ ಜೊತೆ ಕೂತು ಮಾತಾಡಿತು. ಮರುವರ್ಷ ಬಲೆ ಬೀಳಲಿಲ್ಲ. ಅಲ್ಲಿ ವಿಳಾಸ ಹೇಳಿದ್ದರಿಂದಲೇ ಹಕ್ಕಿ ಉಳಿಯಿತು.

ಸ್ಕಾಟ್ಲೆಂಡಿನದು ಇನ್ನೂ ಹಳೆಯ ಕಥೆ. ಬ್ರಿಟನ್ನಿನಿಂದ ಕಣ್ಮರೆಯಾಗಿದ್ದ ಮೀನುಗಿಡುಗ ಕೆಲವು ದಶಕ ಬಿಟ್ಟು ಲಾಕ್ ಗಾರ್ಟನ್ ಎಂಬಲ್ಲಿ ಗೂಡು ಕಟ್ಟತೊಡಗಿದಾಗ ಪಕ್ಷಿಸಂರಕ್ಷಕರು ಬಾಯಿ ಮುಚ್ಚಿಕೊಂಡು ಕಾವಲು ಕೂತರು. ಆದರೂ 1958ರಲ್ಲಿ ಮೊಟ್ಟೆಗಳ್ಳನೊಬ್ಬ ರಾತ್ರಿ ಮರ ಹತ್ತಿಬಿಟ್ಟ. ಮರುವರ್ಷ ಅವರು ಉಲ್ಟಾ ಹೊಡೆದರು. ಗೂಡಿಗೆ ಬೇಲಿ ಹಾಕಿ, ದೂರದಲ್ಲಿ ಮರೆಯ ಮನೆ ಕಟ್ಟಿ, ದುರ್ಬೀನು ನಿಲ್ಲಿಸಿ, ‘ಬನ್ನಿ ನೋಡಿ’ ಎಂದು ಪೇಪರಿನಲ್ಲಿ ಹಾಕಿದರು. ಆ ಒಂದೇ ಬೇಸಿಗೆಯಲ್ಲಿ ಸುಮಾರು 14 ಸಾವಿರ ಜನ ಬಂದರು. ಅಷ್ಟು ಜನ ನೋಡುತ್ತಿರುವಾಗ ಕಳ್ಳ ಎಲ್ಲಿಂದ ಬರಬೇಕು?

ಆದರೆ ಎರಡೂ ಕಡೆ ಏನಿತ್ತು ಗಮನಿಸಿ. ಪಾಂಗ್ಟಿಯಲ್ಲಿ ಊರವರು ಒಪ್ಪಿದರು, ಊರಿನ ಮಂಡಳಿ ಕಟ್ಟಳೆ ಮಾಡಿತು. ಲಾಕ್ ಗಾರ್ಟನ್‌ನಲ್ಲಿ ಬೇಲಿ ಇತ್ತು, ಹಗಲು ರಾತ್ರಿ ಪಾಳಿಯ ಕಾವಲಿತ್ತು, ಬಂದವನು ಎಲ್ಲಿ ನಿಲ್ಲಬೇಕು ಎಂಬ ಗೆರೆ ಇತ್ತು. ಮೊದಲು ಕಾವಲು, ಆಮೇಲೆ ಪ್ರಚಾರ. ನಾವು ಮಾಡುತ್ತಿರುವುದು ಪ್ರಚಾರ ಮೊದಲು, ಕಾವಲು ಯಾವಾಗಲೋ. ಕಬ್ಬಿನ ಗದ್ದೆಯ ಬದುವಿನಲ್ಲಿರುವ ಹತ್ತು ಹನ್ನೆರಡು ಹಸಿರು ಮುನಿಯಾಗಳಿಗೆ ಯಾರು ಪಾಳಿ ಕೂರುತ್ತಾರೆ?

ಹಾಗಾದರೆ ಕಂಡದ್ದನ್ನು ಬರೆಯುವುದೇ ಬೇಡವೇ? ಬರೆಯಲೇಬೇಕು. ಎಲ್ಲಿ ಬರೆಯಬೇಕು, ಯಾವಾಗ ಬಯಲು ಮಾಡಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ. ಜಾಗ ಮತ್ತು ತಾರೀಕು ಇಲ್ಲದ ಪಕ್ಷಿ ದಾಖಲೆ ವಿಳಾಸವಿಲ್ಲದ ಕಾಗದದಂತೆ. ಇದಕ್ಕೆ ಇನ್ನೊಂದು ಫಿಂಚ್ ಸಾಕ್ಷಿ ಇದೆ, ಇದು ನಿಜವಾದ ಫಿಂಚ್. 1929ರಲ್ಲಿ ಕಾರಾಕೋರಂ ಪರ್ವತಗಳಿಗೆ ಹೋಗಿದ್ದ ಡಚ್ಚರ ತಂಡದಲ್ಲಿದ್ದ ಸಿಲ್ಲೆಮ್ ಎಂಬಾತ ಎರಡು ಹಕ್ಕಿಗಳನ್ನು ಸಂಗ್ರಹಿಸಿ, ಎಲ್ಲಿ ಯಾವಾಗ ಸಿಕ್ಕಿತು ಎಂದು ಚೀಟಿ ಬರೆದು ಕಟ್ಟಿ ತಂದ. ಆಮ್‌ಸ್ಟರ್‌ಡ್ಯಾಮಿನ ಮ್ಯೂಸಿಯಮ್ಮಿನಲ್ಲಿ ಅವು ಬೇರೊಂದು ಜಾತಿಯ ಹೆಸರಿನಲ್ಲಿ ಡ್ರಾಯರಿನೊಳಗೆ ಅರುವತ್ತು ವರ್ಷ ಮಲಗಿದ್ದವು. 1992ರಲ್ಲಿ ರೋಸೆಲಾರ್ ಎಂಬ ತಜ್ಞ ಅವನ್ನು ಮತ್ತೆ ತೆಗೆದು ನೋಡಿ, ಇದು ಜಗತ್ತಿಗೆ ಗೊತ್ತಿಲ್ಲದ ಹೊಸ ಜಾತಿ ಎಂದು ಸಾರಿದರು. ಸಿಲ್ಲೆಮ್‌ನ ರೋಸ್‌ಫಿಂಚ್ ಎಂದು ಹೆಸರಾಯಿತು. ಜೀವಂತವಾಗಿ ಅದನ್ನು ಮತ್ತೆ ಕಂಡದ್ದು 2012ರಲ್ಲಿ. ಯಾನ್ ಮುಜಿಕಾ ಎಂಬ ಪಕ್ಷಿವೀಕ್ಷಕ ಚೀನಾದ ಚಿಂಗ್‌ಹಾಯ್ ಪ್ರಾಂತ್ಯದ ಕಣಿವೆಯೊಂದರಲ್ಲಿ, ಮೊದಲು ಸಿಕ್ಕ ಜಾಗದಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಪೂರ್ವಕ್ಕೆ, ಅದರ ಫೋಟೊ ತೆಗೆದ. ಒಬ್ಬ ಕಟ್ಟಿದ ಚೀಟಿ ಎಂಬತ್ತು ವರ್ಷದ ನಂತರವೂ ಇನ್ನೊಬ್ಬನಿಗೆ ಬೇಕಾಯಿತು. ಅದು ಎರಡೇ ದಿನದಲ್ಲಿ ಎಲ್ಲರ ಮೊಬೈಲಿಗೆ ತಲುಪಬೇಕಾದ ಅಗತ್ಯ ಇರಲಿಲ್ಲ.

ಈಗ ಆ ಚೀಟಿಯ ಕೆಲಸವನ್ನು ಇ-ಬರ್ಡ್ ಎಂಬ ಆ್ಯಪ್ ಮಾಡುತ್ತದೆ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ 2002ರಲ್ಲಿ ಶುರು ಮಾಡಿದ್ದು. ನಮ್ಮಲ್ಲೂ ಸಾವಿರಾರು ಜನ ಬಳಸುತ್ತಾರೆ. ಹಿಡಿಯುವವರ ಕಣ್ಣಿರುವ ಜಾತಿಗಳ ಪಟ್ಟಿ ಮಾಡಿ, ಅವುಗಳ ನಿಖರ ಜಾಗವನ್ನು ಸಾರ್ವಜನಿಕರಿಗೆ ಕಾಣದಂತೆ ಮುಚ್ಚಿಡುವ ವ್ಯವಸ್ಥೆ ಅದರಲ್ಲಿದೆ. ಬೇಕಿದ್ದರೆ ನಮ್ಮ ಪಟ್ಟಿಯನ್ನು ನಾವೇ ಮರೆಮಾಡಬಹುದು. ಮೂರು ತಿಂಗಳು ಬಿಟ್ಟು, ಮರಿಗಳು ಹಾರಿಹೋದ ಮೇಲೆ ಹಾಕಿದರೂ ನಡೆಯುತ್ತದೆ. ವಿಜ್ಞಾನಕ್ಕೆ ಅವಸರವಿಲ್ಲ, ಅವಸರ ನಮಗೆ.

ಈ ಪಟ್ಟಿಗಳಿಂದ ಏನಾಗುತ್ತದೆ ಎಂದು ಮೂಗು ಮುರಿಯುವವರು ‘ಭಾರತದ ಪಕ್ಷಿಗಳ ಸ್ಥಿತಿಗತಿ 2023’ ವರದಿಯನ್ನು ಒಮ್ಮೆ ತೆರೆದು ನೋಡಲಿ. 30 ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ಕೊಟ್ಟ 3 ಕೋಟಿ ದಾಖಲೆಗಳನ್ನು ಜರಡಿ ಹಿಡಿದು 942 ಜಾತಿಗಳ ಸ್ಥಿತಿಯನ್ನು ಅದರಲ್ಲಿ ಅಳೆದಿದ್ದಾರೆ. 178 ಜಾತಿಗಳಿಗೆ ತುರ್ತಾಗಿ ಗಮನ ಬೇಕು ಎಂದು ಹೇಳಿದ್ದಾರೆ. ಹುಲ್ಲುಗಾವಲು, ಬಯಲು ಭೂಮಿಯ ಹಕ್ಕಿಗಳು ಜೋರಾಗಿ ಕುಸಿಯುತ್ತಿವೆ ಎಂಬುದು ಅದರ ಮುಖ್ಯ ಮಾತುಗಳಲ್ಲೊಂದು. ಸಂಬಳ ತೆಗೆದುಕೊಳ್ಳುವ ವಿಜ್ಞಾನಿಗಳಷ್ಟೇ ಸೇರಿ ಇಷ್ಟು ದೊಡ್ಡ ಲೆಕ್ಕ ಮಾಡಲು ಆಗುತ್ತಲೇ ಇರಲಿಲ್ಲ. ಅದರಲ್ಲಿ ಕಾಲೇಜು ಕ್ಯಾಂಪಸ್ಸಿನಲ್ಲಿ ಕೂತು ಕಾಗೆ, ಗೊರವಂಕ, ಪಿಕಳಾರ ಎಣಿಸಿದವರ ಪಾಲೂ ಇದೆ.

ಹೆಸರಘಟ್ಟದ ವಿಚಾರಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಅಲ್ಲಿ ಎರಡೂ ನಡೆದಿದೆ. 1894ರಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಡಲು ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ ಅದು. ಅದರ ಪಕ್ಕದ ಹುಲ್ಲುಗಾವಲು ನೋಡುವವರ ಕಣ್ಣಿಗೆ ಖಾಲಿ ಜಾಗ. ಮರ ಇಲ್ಲ, ನೆರಳಿಲ್ಲ, ‘ಏನೂ ಇಲ್ಲ’. ಹೀಗೆ ಏನೂ ಇಲ್ಲ ಎಂದು ತೋರುವ ಜಾಗದ ಮೇಲೆ ಸರ್ಕಾರಕ್ಕೆ ಯಾವಾಗಲೂ ಏನಾದರೂ ಕಟ್ಟುವ ಆಸೆ. 2020ರಲ್ಲಿ ಚಿತ್ರನಗರಿಯ ಮಾತು ಬಂತು. ಇದನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಿ ಎಂಬ ಬೇಡಿಕೆಯನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ಒಪ್ಪಲಿಲ್ಲ. ಮತ್ತೆ ಹೋರಾಟ, ಕೋರ್ಟು, ಅರ್ಜಿ. ಕೊನೆಗೆ 2024ರಲ್ಲಿ ಮಂಡಳಿ ಐದು ಸಾವಿರಕ್ಕೂ ಹೆಚ್ಚು ಎಕರೆಗೆ ಒಪ್ಪಿಗೆ ಕೊಟ್ಟಿತು. ಈ ಹೋರಾಟದಲ್ಲಿ ‘ಇಲ್ಲಿ ಏನೂ ಇಲ್ಲ’ ಎಂಬ ಮಾತಿಗೆ ಉತ್ತರವಾಗಿ ನಿಂತದ್ದು ಪಕ್ಷಿವೀಕ್ಷಕರು ವರ್ಷಗಟ್ಟಲೆ ಬರೆದಿಟ್ಟ ಪಟ್ಟಿಗಳೂ ಹೌದು. ಚಳಿಗಾಲಕ್ಕೆ ಬರುವ ಹ್ಯಾರಿಯರ್‌ಗಳು, ನೆಲಗುಬ್ಬಿಗಳು, ಮುನಿಯಾಗಳು, ಯಾವ ತಿಂಗಳು ಎಷ್ಟು ಎಂಬ ಲೆಕ್ಕ. ಒಂದು ಹುಲ್ಲುಗಾವಲಿನ ಪಟ್ಟಿಯನ್ನು ಬಹಿರಂಗ ಮಾಡುವುದು ಬೇರೆ, ಆ ಹುಲ್ಲಿನೊಳಗಿನ ಒಂದು ಗೂಡನ್ನು ಬಹಿರಂಗ ಮಾಡುವುದು ಬೇರೆ. ಮೊದಲನೆಯದು ಜಾಗ ಉಳಿಸುತ್ತದೆ. ಎರಡನೆಯದು ಒಳಗಿದ್ದವರನ್ನು ಓಡಿಸುತ್ತದೆ.

ಅಂದ ಹಾಗೆ, ವನಮಹೋತ್ಸವ ಎಂದು ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಸಸಿ ನೆಡುವ ಎನ್ನೆಸ್ಸೆಸ್ ಕ್ಯಾಂಪುಗಳ ಬಗ್ಗೆಯೂ ಯಾರಾದರೂ ಬರೆಯಬೇಕು. ಚಿತ್ರದುರ್ಗ, ಚಿಕ್ಕಮಗಳೂರು, ಹಾಸನದ ಅಮೃತ್ ಮಹಲ್ ಕಾವಲುಗಳನ್ನು ಪಾಳು ಭೂಮಿ ಎಂದು ಬಗೆದು ಕಳೆದುಕೊಂಡದ್ದೇ ಸಾಕಷ್ಟಿದೆ. ಚಳ್ಳಕೆರೆಯಲ್ಲಿ ಸುಮಾರು 10 ಸಾವಿರ ಎಕರೆ ಕಾವಲು ರಕ್ಷಣಾ ಮತ್ತು ಸಂಶೋಧನಾ ಸಂಸ್ಥೆಗಳ ಪಾಲಾಯಿತು. ಕುರಿಗಾಹಿಗಳಿಗೆ ಮೇವೂ ಹೋಯಿತು, ಬಯಲಿನ ಹಕ್ಕಿಗಳಿಗೆ ಬಯಲೂ ಹೋಯಿತು.

ಈ ಪುಟವನ್ನು ಕೆಲಸ ಹುಡುಕುತ್ತಿರುವವರೂ ಓದುತ್ತಾರೆ, ಹಾಗಾಗಿ ದುಡ್ಡಿನ ಮಾತನ್ನೂ ಆಡಿಬಿಡೋಣ. ಅಬುವಿನಲ್ಲಿ ಹಸಿರು ಮುನಿಯಾ ತೋರಿಸುವುದು ಅಲ್ಲಿನ ಸ್ಥಳೀಯ ಗೈಡ್‌ಗಳು. ಯಾವ ಹೊಲದಲ್ಲಿ ಈ ವಾರ ಕಾಳು ಉದುರಿದೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಹಿಂಡು ಯಾವ ಪೊದೆಗೆ ಬರುತ್ತದೆ ಎಂಬುದು ಅವರಿಗೆ ಬಾಯಿಪಾಠ. ನಮ್ಮ ರಂಗನತಿಟ್ಟಿನಲ್ಲಿ ಹುಟ್ಟು ಹಾಕುತ್ತಾ ‘ಸಾರ್, ಎಡಗಡೆ ಕೊಂಬೆ ನೋಡಿ’ ಅನ್ನುವ ದೋಣಿಯವರನ್ನು ನೆನೆಸಿಕೊಳ್ಳಿ, ಅದೇ ಜಾತಿಯ ಜ್ಞಾನ. ಹಕ್ಕಿ ಹಿಡಿದು ಮಾರಿದರೆ ಒಂದು ಸಲ ದುಡ್ಡು. ಅದೇ ಹಕ್ಕಿ ಪೊದೆಯಲ್ಲಿ ಉಳಿದರೆ ಪ್ರತಿ ಚಳಿಗಾಲ ದುಡ್ಡು, ಅದೂ ಗೈಡ್‌ಗೆ ಮಾತ್ರವಲ್ಲ, ಚಹಾ ಅಂಗಡಿಗೆ, ಟ್ಯಾಕ್ಸಿಗೆ, ಊಟದ ಮನೆಗೆ. ಆ ಜ್ಞಾನವನ್ನು ನಾವು ಒಂದು ಸಲ ಗೈಡ್ ಜೊತೆ ಹೋಗಿ ಕಲಿತು ಬಂದು ಮ್ಯಾಪಿನ ಪಿನ್ ಮಾಡಿ ಎಲ್ಲರಿಗೂ ಹಂಚಿದರೆ ಏನಾಗುತ್ತದೆ? ಮುಂದಿನವನು ಗೈಡ್‌ಗೆ ಫೋನ್ ಮಾಡುವುದಿಲ್ಲ. ಊರಿನ ಹುಡುಗನ ಕೆಲಸ ಹೋಯಿತು. ಆ ಹುಡುಗ ಪೊದೆಯ ಬಳಿ ಇಲ್ಲವಾದರೆ ಅಲ್ಲಿ ಇದ್ದ ಒಬ್ಬನೇ ಕಾವಲುಗಾರನೂ ಹೋದ. ಲೊಕೇಶನ್ ಹಂಚುವುದನ್ನು ಉದಾರತೆ ಎಂದು ತಿಳಿದವರು ಇದನ್ನೊಮ್ಮೆ ಲೆಕ್ಕ ಹಾಕಬೇಕು. ನಾವು ಹಂಚುತ್ತಿರುವುದು ನಮ್ಮ ಆಸ್ತಿಯನ್ನಲ್ಲ.

ನೇಚರ್ ಗೈಡ್ ಕೆಲಸ ದೊಡ್ಡ ಪ್ಯಾಕೇಜಿನದು ಎಂದು ನಾನು ಸುಳ್ಳು ಹೇಳುವುದಿಲ್ಲ. ಸೀಸನ್ ಇದ್ದಾಗ ಉಂಟು, ಮಳೆಗಾಲಕ್ಕೆ ಕಷ್ಟ. ಆದರೆ ಹಳ್ಳಿಯ ಪದವೀಧರನಿಗೆ ಊರು ಬಿಡದೆ ಮಾಡಬಹುದಾದ ಕೆಲಸಗಳು ಎಷ್ಟಿವೆ ಹೇಳಿ? ಗಣೇಶಗುಡಿಯಲ್ಲಿ ಹಳೆಯ ಮದ್ದಿನ ಮನೆಯ ಸುತ್ತ ನೀರಿನ ತೊಟ್ಟಿಗಳನ್ನಿಟ್ಟು, ಮರೆಯಲ್ಲಿ ಕುರ್ಚಿ ಹಾಕಿದ್ದಾರೆ. ಹಕ್ಕಿ ತಾನಾಗಿ ಸ್ನಾನಕ್ಕೆ ಬರುತ್ತದೆ, ಜನ ಸುಮ್ಮನೆ ಕೂತು ನೋಡುತ್ತಾರೆ. ದೇಶದ ಎಲ್ಲ ಕಡೆಯಿಂದ ಕ್ಯಾಮೆರಾ ಹೊತ್ತವರು ಬರುತ್ತಾರೆ. ಅಲ್ಲಿನ ವಿಳಾಸ ಗುಟ್ಟಲ್ಲ. ಗುಟ್ಟಾಗಬೇಕಾದ ಅಗತ್ಯವೂ ಇಲ್ಲ, ಯಾಕೆಂದರೆ ಅಲ್ಲಿ ನೋಡಿಕೊಳ್ಳುವವರು ಇದ್ದಾರೆ. ಇಂಥದ್ದು ಹೆಸರಘಟ್ಟದಲ್ಲೂ ಆಗಬೇಕು. ವಾಹನ ಕೆರೆ ಏರಿಯ ಆಚೆ ನಿಲ್ಲಲಿ, ಹುಲ್ಲಿನ ಅಂಚಿನಲ್ಲಿ ಒಂದು ಕಾಲುದಾರಿ, ಒಂದೆರಡು ಮರೆಗೂಡು, ಸುತ್ತಲಿನ ಊರುಗಳ ಹತ್ತು ಯುವಕ ಯುವತಿಯರಿಗೆ ತರಬೇತಿ. ಮೀಸಲು ಪ್ರದೇಶ ಎಂಬ ಬೋರ್ಡು ಮಾತ್ರ ನೆಟ್ಟು ಕೈತೊಳೆದುಕೊಂಡರೆ ಕಾರುಗಳು ಬೋರ್ಡಿನ ಪಕ್ಕದಲ್ಲೇ ಒಳಗೆ ಹೋಗುತ್ತವೆ.

ಅಲ್ಲಿಯವರೆಗೆ ನನ್ನ ಮಟ್ಟಿನ ಕಟ್ಟಳೆ ಇಷ್ಟೇ, ಒಪ್ಪಿದವರು ಪಾಲಿಸಬಹುದು. ಗೂಡಿನ ಫೋಟೊ ಯಾರಿಗೂ ಇಲ್ಲ. ಪಂಜರಕ್ಕೆ ಹೋಗಬಹುದಾದ ಹಕ್ಕಿಯ ಜಾಗವನ್ನು ಜಿಲ್ಲೆಯ ಹೆಸರಿಗಿಂತ ಹೆಚ್ಚು ಹೇಳುವುದಿಲ್ಲ. ಫೋಟೊದಲ್ಲಿ ಅಡಗಿರುವ ಜಿಪಿಎಸ್ ಮಾಹಿತಿ ಅಳಿಸದೆ ಕಳಿಸುವುದಿಲ್ಲ. ಅರಣ್ಯ ಇಲಾಖೆಯವರಿಗೋ, ಆ ಪ್ರದೇಶದಲ್ಲಿ ಅಧ್ಯಯನ ಮಾಡುತ್ತಿರುವವರಿಗೋ ಖುದ್ದಾಗಿ ತಿಳಿಸುವುದು. ‘ಜಂಭ’ ಅಂದವರಿಗೆ ಉತ್ತರ ಕೊಡುವ ಗೋಜಿಗೆ ಹೋಗದಿರುವುದು. ಸೀನಿಯರ್‌ಗಳು ಕೇಳಿದಾಗ ಇಲ್ಲ ಅನ್ನುವುದು ಮುಜುಗರವೇ, ಒಪ್ಪುತ್ತೇನೆ. ‘ಸರ್, ಮರಿಗಳು ಹಾರಿದ ಮೇಲೆ ನಾನೇ ಕರ್ಕೊಂಡು ಹೋಗ್ತೀನಿ’ ಅಂದರೆ ಬಹಳಷ್ಟು ಜನ ಸುಮ್ಮನಾಗುತ್ತಾರೆ. ನಿಜವಾಗಿ ಹಕ್ಕಿಯ ಮೇಲೆ ಆಸೆ ಇರುವವರು ಕಾಯುತ್ತಾರೆ. ಕಾಯದವರಿಗೆ ಬೇಕಾಗಿದ್ದು ಫೋಟೊ, ಹಕ್ಕಿಯಲ್ಲ.

ಇನ್ನು, ವಿಳಾಸ ಯಾರೂ ಕೇಳದ ಫಿಂಚ್ ಒಂದಿದೆ. ಸಾಮಾನ್ಯ ರೋಸ್‌ಫಿಂಚ್. ಹಿಮಾಲಯ ಮತ್ತು ಅದರಾಚೆಯ ತಣ್ಣನೆಯ ನಾಡುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ, ನಮ್ಮ ಪಶ್ಚಿಮ ಘಟ್ಟದವರೆಗೂ ಬರುತ್ತದೆ. ಬಲಿತ ಗಂಡಿನ ತಲೆ ಎದೆ ಗುಲಾಬಿ ಕೆಂಪು. ಆದರೆ ಹೆಣ್ಣುಗಳು ಮತ್ತು ಚಿಕ್ಕ ವಯಸ್ಸಿನ ಗಂಡುಗಳು ಮಾಸಿದ ಕಂದು ಬಣ್ಣಕ್ಕೆ ಅಲ್ಲಲ್ಲಿ ಗೆರೆ ಎಳೆದಂತೆ ಇರುತ್ತವೆ. ದಪ್ಪ ಕೊಕ್ಕಿನ ಹೆಣ್ಣು ಗುಬ್ಬಚ್ಚಿ ಅಂದುಕೊಂಡು ಮುಂದೆ ಹೋಗುವವರೇ ಹೆಚ್ಚು. ಬಿದಿರು ಹೂಬಿಟ್ಟು ಅಕ್ಕಿ ಉದುರಿಸಿದ ವರ್ಷ ಬಿದಿರು ಮೆಳೆಗಳ ಹತ್ತಿರ, ಉಳಿದಂತೆ ಲಂಟಾನದ ಹಣ್ಣಿಗೆ, ಹೊಲದಂಚಿನ ಕಾಳಿಗೆ ಬರುತ್ತವೆ. ಬಿದಿರು ಹೂ ಬಿಡುವುದೇ ದಶಕಗಳಿಗೊಮ್ಮೆ. ಅಂಥ ವರ್ಷ ಯಾವ ಕಾಡಿಗೆ ಎಷ್ಟು ರೋಸ್‌ಫಿಂಚ್ ಬಂದವು ಎಂದು ಬರೆದಿಡುವವರು ಬೇಕು. ನಿಮ್ಮ ಊರು ಮಲೆನಾಡಿನ ಕಡೆಯದಾಗಿದ್ದರೆ, ದೀಪಾವಳಿ ರಜೆಗೆ ಮನೆಗೆ ಹೋದಾಗ ಬಿದಿರು ಮೆಳೆಯ ಕಡೆ ಒಂದು ಬೆಳಿಗ್ಗೆ ನಡೆದು ನೋಡಿ. ಕಂಡರೆ ತಾರೀಕು, ಜಾಗ, ಎಷ್ಟು ಇದ್ದವು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಈ ಹಕ್ಕಿಯ ಲೊಕೇಶನ್ ಕೇಳಿ ಯಾರೂ ಮೆಸೇಜ್ ಮಾಡುವುದಿಲ್ಲ, ಆರಾಮಾಗಿ ಬರೆಯಬಹುದು.